ಗಾಣ ನಿಂತ ಮೇಲಿನ ಗಾಣಿಗರು

ನಮ್ಮ ಕುಂದಾಪುರದ ಕಡೆ ಬಡಗುತಿಟ್ಟಿನ ಯಕ್ಷಗಾನದ ಆಟಕ್ಕೆ ರಾತ್ರಿಗಟ್ಟಲೆ ನಿದ್ದೆಗೆಟ್ಟ ಹಿರಿಯರ ಎದುರು ‘ಗಾಣಿಗರು’ ಅಂದು ನೋಡಿ. ಅವರಿಗೆ ನೆನಪಾಗುವುದು ಎಣ್ಣೆಯಲ್ಲ, ಹಾರಾಡಿ. ಬ್ರಹ್ಮಾವರದ ಮಗ್ಗುಲಿನ ಆ ಊರಿನಿಂದ ರಾಮ ಗಾಣಿಗರು ಬಂದರು, ಕುಷ್ಟ ಗಾಣಿಗರು ಬಂದರು, ಸ್ತ್ರೀವೇಷದ ನಾರಾಯಣ ಗಾಣಿಗರು ಬಂದರು. ಅವರ ಹೆಜ್ಜೆಗಾರಿಕೆಯೇ ‘ಹಾರಾಡಿ ತಿಟ್ಟು’ ಎಂದು ಪ್ರಸಿದ್ಧವಾಯಿತು. ರಾಮ ಗಾಣಿಗರ ಕರ್ಣನನ್ನು ಕಂಡವರು ಇಂದಿಗೂ ಆ ಮಾತು ಬಂದರೆ ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಾರೆ. ಕಸುಬಿನಿಂದ ಬಂದ ಒಂದು ಅಡ್ಡಹೆಸರು ಕಸುಬು ಬಿಟ್ಟ ಮೇಲೆ ಎಷ್ಟು ಎತ್ತರಕ್ಕೆ ಹೋಗಬಹುದು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಗೊತ್ತಿಲ್ಲ.

ಹಾಗಂತ ಗಾಣವನ್ನು ಮರೆಯುವುದು ಸರಿಯಲ್ಲ. ದೊಡ್ಡ ಮರದ ಒರಳು, ಅದರೊಳಗೆ ಓರೆಯಾಗಿ ನಿಂತ ದಿಂಡು, ದಿಂಡಿಗೆ ಕಟ್ಟಿದ ನೊಗ, ನೊಗ ಹೊತ್ತು ಸುತ್ತುವ ಎತ್ತು. ಒಣಗಿದ ಕೊಬ್ಬರಿಯ ಹೋಳು ಒರಳಿಗೆ ಬಿದ್ದಾಗ ಮೊದಲು ಕಟಕಟ ಸದ್ದು. ಸುತ್ತು ಏರಿದ ಹಾಗೆ ಹೋಳು ನುಗ್ಗಾಗಿ, ನುಗ್ಗು ಮುದ್ದೆಯಾಗಿ, ಸದ್ದು ಮೆತ್ತಗಾಗುತ್ತದೆ. ಆಮೇಲೆ ಅಂಚಿನಲ್ಲಿ ಎಣ್ಣೆ ಜಿನುಗುತ್ತದೆ. ಎತ್ತನ್ನು ಆತುರಪಡಿಸುವ ಹಾಗಿಲ್ಲ, ಬೇಗ ಸುತ್ತಿಸಿದರೆ ಎಣ್ಣೆ ಕಾಯುತ್ತದೆ, ಪರಿಮಳ ಹೋಗುತ್ತದೆ. ಉಳಿದ ಹಿಂಡಿ ಕೊಟ್ಟಿಗೆಯ ಹಸುವಿಗೆ. ದೀಪಕ್ಕೆ ಹೊನ್ನೆ ಎಣ್ಣೆ, ಅಡುಗೆಗೂ ತಲೆಗೂ ತೆಂಗಿನೆಣ್ಣೆ. ಸೀಮೆಎಣ್ಣೆ, ವಿದ್ಯುತ್ತು ಬರುವ ಮೊದಲು ಕತ್ತಲಾದ ಮೇಲಿನ ಊರಿನ ಬದುಕೆಲ್ಲ ಗಾಣಿಗರ ಮನೆಯಿಂದ ಬಂದ ಎಣ್ಣೆಯ ಮೇಲೆ ನಿಂತಿತ್ತು. ಮಿಲ್ಲು ಬಂತು, ಎತ್ತು ಹೋಯಿತು. ಬಾರ್ಕೂರಿನ ವೇಣುಗೋಪಾಲಕೃಷ್ಣ ದೇವಸ್ಥಾನಕ್ಕೆ ನಡೆದುಕೊಳ್ಳುವ ಗಾಣಿಗ ಮನೆಗಳಲ್ಲಿ ಗಾಣದ ಒರಳು ಕಂಡ ಮಕ್ಕಳು ಈಗ ಎಷ್ಟು ಸಿಕ್ಕಾರು?

ಕಸುಬು ಹೋಗಿ ಹೆಸರು ಉಳಿಯುವುದು ಇಂಗ್ಲೆಂಡಿನಲ್ಲೂ ಆಗಿದೆ. ಕಮ್ಮಾರ ಸ್ಮಿತ್ ಆದ, ಹಿಟ್ಟು ಬೀಸುವವ ಮಿಲ್ಲರ್, ಕುಂಬಾರ ಪಾಟರ್, ಬಟ್ಟೆ ಹೊಲಿಯುವವ ಟೇಲರ್. ಹದಿನಾಲ್ಕನೇ ಶತಮಾನದಲ್ಲಿ ಇಂಥ ಹೆಸರುಗಳು ಅಪ್ಪನಿಂದ ಮಗನಿಗೆ ಗಟ್ಟಿಯಾಗಿ ಅಂಟತೊಡಗಿದವು. 1377ರಿಂದ 1381ರ ನಡುವೆ ಅಲ್ಲಿ ತಲೆಗಂದಾಯ ಎತ್ತಿದಾಗ ಬರೆದ ಹಲವು ಪಟ್ಟಿಗಳಲ್ಲಿ ಹೆಸರಿನ ಜೊತೆ ಕಸುಬು ಸಾಲುಸಾಲಾಗಿ ಸಿಗುತ್ತದೆ. ನಮ್ಮಲ್ಲಿ ಹೆಸರು ಅಂಟಿಸುವ ಆ ಕೆಲಸವನ್ನು ಬಹಳ ಮಟ್ಟಿಗೆ ಮಾಡಿದ್ದು ಶಾಲೆಯ ದಾಖಲೆ ಪುಸ್ತಕ. ಊರಲ್ಲಿ ‘ನೀ ಯಾರ್ ಮನಿ ಮಾಣಿ?’ ಎಂದು ಕೇಳಿದರೆ ಮನೆ ಹೆಸರು ಹೇಳಿದರೆ ಸಾಕಿತ್ತು. ಮೇಷ್ಟ್ರಿಗೆ ಮಾತ್ರ ಹೆಸರಿನ ಹಿಂದೊಂದು ಬಾಲ ಬೇಕಿತ್ತು.

ಆ ಬಾಲಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುತ್ತ ಹೋದರೆ ಕುಂದಾಪುರದ ಹಳೇ ಊರೇ ಎದ್ದು ನಿಲ್ಲುತ್ತದೆ. ಗ್ರಾಮದ ಲೆಕ್ಕ ಬರೆದವರು ಶಾನುಭಾಗರು. ದೇವಸ್ಥಾನದ ವಾದ್ಯ ದೇವಾಡಿಗರದ್ದು, ಆ ಮೇಳದ ಮುಂದಾಳು ಸೇರಿಗಾರ. ಸಂಜೆಯ ಪೂಜೆಗೆ ನಾಗಸ್ವರ, ಡೋಲು ಇಲ್ಲದಿದ್ದರೆ ದೇವರಿಗೂ ಬೇಸರ ಎಂದು ನಂಬಿದ ಊರು ಇದು. ಗರ್ಭಗುಡಿಯ ಒಳಗಿನ ಪೂಜೆ ಅಡಿಗರದ್ದು, ಕೊಲ್ಲೂರಿನಲ್ಲಿ ಈಗಲೂ ಅವರದ್ದೇ. ಬೆಂಗಳೂರಿನ ಹೋಟೆಲ್ ಬೋರ್ಡುಗಳಲ್ಲಿ ಆ ಹೆಸರು ಓದಿದವರಿಗೆ ಅದು ಅಡಿಗೆಯ ನಂಟು ಅನ್ನಿಸಿದರೆ ತಪ್ಪೇನಿಲ್ಲ, ನಮ್ಮವರ ಕೈರುಚಿ ಹಾಗಿದೆ. ಬೈಂದೂರು ಬಳಿಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಇಂಗ್ಲಿಷ್ ಪಾಠ ಹೇಳಿದರು, ‘ಸಾಕ್ಷಿ’ ಪತ್ರಿಕೆ ನಡೆಸಿದರು, ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದರು. ಇಂದು ಅಡಿಗ ಎಂದರೆ ಕನ್ನಡಿಗರಿಗೆ ಮೊದಲು ಕವಿ, ಆಮೇಲೆ ಅರ್ಚಕ.

ಗಂಗೊಳ್ಳಿಯ ಖಾರ್ವಿಗಳದ್ದು ಬೇರೆ ಕಥೆ. ಕೊಂಕಣಿ ಮಾತಾಡುವ ಈ ಕಡಲಮಕ್ಕಳಲ್ಲಿ ಹೆಸರೂ ಕೆಲಸವೂ ಇನ್ನೂ ಒಂದೇ ದೋಣಿಯಲ್ಲಿವೆ. ಕುಂದಾಪುರ ಪೇಟೆಯಲ್ಲಿ ಒಂದು ಕೇರಿಗೇ ಖಾರ್ವಿಕೇರಿ ಎಂದು ಹೆಸರು. ಪಂಚಗಂಗಾವಳಿ ಕಡಲು ಸೇರುವಲ್ಲಿ ಮುಂಜಾನೆ ನಿಂತರೆ ಬಲೆ ಕೊಡವುವ ಕೈಗಳಲ್ಲಿ ಆ ಹೆಸರಿನ ಅರ್ಥ ಕಾಣುತ್ತದೆ.

ನನಗೆ ನೋವಾಗುವ ಸಂಗತಿ ಒಂದಿದೆ. ಅಧಿಕಾರದಿಂದ ಬಂದ ಹೆಗ್ಡೆ, ಶಾನುಭಾಗ, ನಾಯಕ ಎಂಬ ಹೆಸರುಗಳನ್ನು ಜನ ಗಟ್ಟಿಯಾಗಿ ಹೇಳಿಕೊಂಡರು. ಬಟ್ಟೆ ಒಗೆದ ಮಡಿವಾಳ, ಮಡಕೆ ಮಾಡಿದ ಕುಲಾಲ, ಕ್ಷೌರ ಮಾಡಿದ ಭಂಡಾರಿಗೆ ಹೆಸರು ಹೇಳುವಾಗ ದನಿ ತಗ್ಗಿಸಬೇಕಾದ ಕಾಲವೊಂದಿತ್ತು. ಕೆಲಸ ಹುಟ್ಟಿನಿಂದ ಬಂತು, ಬಿಡಲು ದಾರಿ ಇರಲಿಲ್ಲ, ಅದರ ಮೇಲೆ ಅವಮಾನ ಬೇರೆ. ಇಂಗ್ಲೆಂಡಿನ ಸ್ಮಿತ್‌ಗೆ ಹೆಸರು ಹೊರುವ ಕಷ್ಟ ಇಷ್ಟಿರಲಿಲ್ಲ. ಬ್ರಿಟಿಷ್ ಅಧಿಕಾರಿ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳನ್ನು ವಿವರಿಸಿದ. ಯಾರು ಯಾರ ಕೈಯ ನೀರು ಕುಡಿಯುತ್ತಾರೆ ಎಂಬ ಲೆಕ್ಕವೆಲ್ಲ ಆ ಪುಸ್ತಕಗಳಲ್ಲಿ ಬಂತು. ಗಾಣದ ದಿಂಡಿನ ಓರೆ ಎಷ್ಟಿರಬೇಕು, ತಿಗರಿಯ ಮಣ್ಣಿನ ಹದ ಯಾವುದು ಎಂಬ ನಮ್ಮ ಕಡೆಯ ಕೈವಿದ್ಯೆಗೆ ಅಂಥ ಸಂಪುಟ ಬಂದದ್ದು ನನಗೆ ಗೊತ್ತಿಲ್ಲ. ಹೆಸರಿಗಿಂತ ದೊಡ್ಡದು ಆ ವಿದ್ಯೆಯೇ ಆಗಿತ್ತು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಹೆಸರಿನ ಹಿಂದೆ ಕಸುಬೊಂದು ಇದ್ದರೆ, ಅದನ್ನು ಕೈಯಾರೆ ಮಾಡಿದ ಹಿರಿಯರು ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಈ ಮಳೆಗಾಲದಲ್ಲೇ ಅವರ ಹತ್ತಿರ ಕೂತು ಹತ್ಯಾರಗಳ ಹೆಸರು, ಹದದ ಮಾತು, ಕೂಲಿಯ ಲೆಕ್ಕ ಎಲ್ಲವನ್ನೂ ಅವರದೇ ಕುಂದಾಪ್ರ ಕನ್ನಡದಲ್ಲಿ ಬರೆದಿಡಿ.