ಬಿಸಿಲಲ್ಲಿ ಬೆಂದ ಬುತ್ತಿ

'ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು' ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಹೇಳಿಕೊಟ್ಟ ಮಾತು ಪರೀಕ್ಷೆಯ ಮರುದಿನದವರೆಗೂ ಬಾರದೆಂಬುದು ಅಧ್ಯಾಪಕನಾದವನಿಗೆ ನಿತ್ಯದ ಅನುಭವ. ಆದರೆ ಗಾದೆಯ ಮೊದಲ ಭಾಗದಲ್ಲಿರುವ ಸತ್ಯ ನನಗೆ ಮನವರಿಕೆಯಾದದ್ದು ಕಳೆದ ವರ್ಷದ ಕಾರ್ತಿಕದಲ್ಲಿ, ತರೀಕೆರೆ ತಾಲ್ಲೂಕಿನ ಕಲ್ಲತ್ತಿಗಿರಿಯ ತಪ್ಪಲಿನಲ್ಲಿ.

ಹದಿನಾಲ್ಕು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಟ್ಟ ಹತ್ತಲು ಹೊರಟಿದ್ದೆವು. ಮರುದಿನದ ಬೆಳಗಿನ ಉಪಾಹಾರಕ್ಕೆಂದು ಹಿಂದಿನ ಸಂಜೆಯೇ ನಿಂಬೆಹಣ್ಣಿನ ಚಿತ್ರಾನ್ನ ಮಾಡಿಸಿ, ಧಾರಾಳವಾಗಿ ಹಸಿ ಕಾಯಿ ತುರಿದು ಬೆರೆಸಿ, ಬಿಸಿ ಆರುವ ಮುನ್ನವೇ ದೊಡ್ಡ ಸ್ಟೀಲು ಡಬ್ಬಗಳಿಗೆ ತುಂಬಿ ಮುಚ್ಚಳ ಬಿಗಿದಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಬಂದ ವಾಸನೆಯನ್ನು ನನ್ನ ಮೂಗು ಗುರುತಿಸಿತು. ಹದಿನಾರು ಮಂದಿಯ ಹಸಿವು ಗುರುತಿಸಲಿಲ್ಲ. ನಿಂಬೆಯ ಹುಳಿಯಿರಬಹುದೆಂದು ನಾನೂ ನನ್ನನ್ನು ಸಮಾಧಾನಪಡಿಸಿಕೊಂಡೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಕಡೂರಿನ ಹುಡುಗನೊಬ್ಬ ದಾರಿಯ ಮಧ್ಯೆ ಕುಳಿತುಬಿಟ್ಟ. ವಾಂತಿ ನಿಲ್ಲಲಿಲ್ಲ. ಅವನನ್ನು ಇಬ್ಬರು ಹೆಗಲು ಕೊಟ್ಟು ಇಳಿಸಿ, ಸಿಕ್ಕಿದ ವಾಹನದಲ್ಲಿ ತರೀಕೆರೆಯ ವೈದ್ಯರ ಬಳಿಗೆ ಒಯ್ದೆವು. ಸಂಜೆಯ ಹೊತ್ತಿಗೆ ಹುಡುಗ ಎದ್ದು ಕುಳಿತು ನಕ್ಕ. ಆದರೆ ಅವನ ತಂದೆ ನಗಲಿಲ್ಲ. "ನಿಮ್ಮನ್ನು ನಂಬಿ ಕಳಿಸಿದ್ದೆ ಮೇಷ್ಟ್ರೇ" ಎಂದಷ್ಟೇ ಹೇಳಿ ಮಗನನ್ನು ಕರೆದುಕೊಂಡು ಹೋದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅನಂತರ ನಮ್ಮ ಸಹೋದ್ಯೋಗಿಗಳಾದ ಜೀವಶಾಸ್ತ್ರದ ಅಧ್ಯಾಪಕರು ನನ್ನ ತಪ್ಪನ್ನು ಬಿಡಿಸಿ ತಿಳಿಸಿದರು. ಅನ್ನ ಬೆಂದರೂ ಸಾಯದ ಸೂಕ್ಷ್ಮಜೀವಿಗಳ ಬೀಜಕಣಗಳು ಅಕ್ಕಿಯಲ್ಲಿ ಇರುತ್ತವೆಯಂತೆ. ಅನ್ನವನ್ನು ಗಂಟೆಗಟ್ಟಲೆ ಬೆಚ್ಚಗೆ ಇಟ್ಟರೆ ಅವು ಮೊಳೆತು ವಿಷವನ್ನು ಉತ್ಪತ್ತಿ ಮಾಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. "ಜೀವಿಗೆ ಬೇಕಾದದ್ದು ನೀರು. ನೀರನ್ನು ತೆಗೆದುಬಿಡಿ, ಅದು ಏನು ಮಾಡೀತು?" ಎಂದರು ಅವರು.

ನೀರನ್ನು ತೆಗೆಯುವ ವಿದ್ಯೆಗೆ ನಮ್ಮ ರಾಜ್ಯದಲ್ಲಿಯೇ ದೊಡ್ಡ ಪೀಠಗಳಿವೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ೧೯೫೦ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಆರಂಭವಾಯಿತು. ಸೈನಿಕರ ಆಹಾರಕ್ಕೆಂದೇ ೧೯೬೧ರಲ್ಲಿ ಅದೇ ಊರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಹುಟ್ಟಿತು. ೧೯೮೪ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಅವರ ಜೊತೆಯಲ್ಲಿ ಹೋದ ಭಾರತೀಯ ತಿನಿಸುಗಳು ಈ ಪ್ರಯೋಗಾಲಯದವು. ದೂರದ ಆಂಡೀಸ್ ಪರ್ವತದ ರೈತರಾದರೋ ಯಾವ ಪ್ರಯೋಗಾಲಯವೂ ಇಲ್ಲದ ಕಾಲದಿಂದ ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೊಡ್ಡಿ, ಹಗಲು ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ವರ್ಷಗಟ್ಟಲೆ ಕಾಪಾಡುತ್ತ ಬಂದಿದ್ದಾರೆ.

ಇದನ್ನೆಲ್ಲ ಓದಿಕೊಂಡು ಬಂದು ಅಮ್ಮನ ಮುಂದೆ ಸಣ್ಣದೊಂದು ಉಪನ್ಯಾಸವನ್ನೇ ಮಾಡಿದೆ. ಆಕೆ ಪೂರ್ತಿ ಕೇಳಿ, "ಅಂದರೆ ಸಂಡಿಗೆ ಇಡೋದು ಹೇಗೆ ಅಂತ ನನಗೆ ಹೇಳಿಕೊಡ್ತಿದ್ದೀಯೇನಪ್ಪ?" ಎಂದಳು.

ಮಾತು ನಿಜ. ಒಣಗಿಸುವ ಕಲೆಯನ್ನು ನಮ್ಮ ಸೀಮೆ ಯಾರಿಂದಲೂ ಎರವಲು ತರಬೇಕಾಗಿಲ್ಲ. ಕಡೂರು ಎಂದರೆ ತೆಂಗು, ರಾಗಿ, ಬಯಲಿನ ಬಿಸಿಲು. ೧೯೪೭ರವರೆಗೆ ಇಡೀ ಜಿಲ್ಲೆಗೇ ಈ ಊರಿನ ಹೆಸರಿತ್ತು. ಹೆಸರು ಚಿಕ್ಕಮಗಳೂರಿಗೆ ಹೋಯಿತು, ಬಿಸಿಲು ಮಾತ್ರ ನಮಗೇ ಉಳಿಯಿತು. ಇಲ್ಲಿಯ ಅಟ್ಟಗಳ ಮೇಲೆ ತೆಂಗಿನಕಾಯಿಗಳು ಸಿಪ್ಪೆಯ ಸಮೇತ ತಿಂಗಳುಗಟ್ಟಲೆ ಕುಳಿತು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತವೆ. ತರೀಕೆರೆಗೆ ಹೋದರೆ ಅಂಗಳದ ತುಂಬ ಬೇಯಿಸಿ ಹರವಿದ ಅಡಿಕೆ. ಅಜ್ಜಂಪುರದ ಕಪ್ಪು ನೆಲದಲ್ಲಿ ಈರುಳ್ಳಿ. ಹುರಿಹಿಟ್ಟು, ಅವಲಕ್ಕಿ, ಶಾವಿಗೆ, ಬಾಳಕದ ಮೆಣಸಿನಕಾಯಿ, ಇವೆಲ್ಲ ನೀರನ್ನು ಕಳೆದುಕೊಂಡು ಆಯುಷ್ಯವನ್ನು ಪಡೆದುಕೊಂಡ ಪದಾರ್ಥಗಳೇ.

ಈರುಳ್ಳಿಗಾಗಿ ಒಂದು ಭಾನುವಾರ ಅಜ್ಜಂಪುರದ ಅಕ್ಕನ ಮನೆಗೆ ಹೋದೆ. ಬೀರೂರು ದಾಟಿದ ಮೇಲೆ ರೈಲು ಎರಡು ದಾರಿಯಾಗಿ ಕವಲೊಡೆಯುತ್ತದೆ. ಒಂದು ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೆ. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ಊರಿಗೆ ದೊಡ್ಡ ಹೆಸರು ತಂದದ್ದು ಅಲ್ಲಿಯ ಅಮೃತಮಹಲ್ ತಳಿ ಸಂವರ್ಧನ ಕೇಂದ್ರ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ ಅಮೃತಮಹಲ್ ಎಂಬ ಹೆಸರು ಕೊಟ್ಟನು. ನೀಳವಾದ ಕೊಂಬಿನ ಈ ಎತ್ತುಗಳು ಮೈಸೂರಿನ ಸೇನೆಯ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದವು. ಸೇನೆಯ ವೇಗ ಅದರ ಬುತ್ತಿಯನ್ನು ಹೊರುವವರ ವೇಗವೆಂಬುದನ್ನು ಆ ಅರಸರು ಬಲ್ಲವರಾಗಿದ್ದರು. ಹದಿನಾಲ್ಕು ಹುಡುಗರ ಪುಟ್ಟ ಸೇನೆಗೆ ಎತ್ತುಗಳಿಲ್ಲ, ಬುತ್ತಿಯೇ ಹಗುರಾಗಬೇಕು.

ಅಕ್ಕ ಕೊಟ್ಟ ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ಎರಡು ದಿನ ಒಣಗಿಸಿದೆವು. ಕ್ಯಾರೆಟ್ ಮತ್ತು ಹುರುಳಿಕಾಯಿಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದು ಬಿಸಿಲಿಗೆ ಹಾಕಿದೆವು. ಹಾಗೆ ಅದ್ದಿದರೆ ಬಣ್ಣ ಕೆಡುವುದಿಲ್ಲ, ಮತ್ತೆ ನೆನೆಯುವುದೂ ಬೇಗ. ಅನಂತರ ಉಪ್ಪಿಟ್ಟಿನ ಸರದಿ. ಒಂದೂಕಾಲು ಕಿಲೋ ರವೆಯನ್ನು ಹುರಿದು, ಎಣ್ಣೆಯನ್ನು ಲೆಕ್ಕವಿಟ್ಟು ಹಾಕಿ, ಹಸಿ ಕಾಯಿಯನ್ನು ಪೂರ್ತಿ ಬಿಟ್ಟು, ಬೆಳಿಗ್ಗೆ ಎಂಟಕ್ಕೆ ಮೊದಲೇ ಬೇಯಿಸಿದೆವು. ಜಿಡ್ಡು ಹೆಚ್ಚಾದರೆ ಒಣಗಿದ ಮೇಲೂ ಕನರುತ್ತದೆ. ಬೆಂದದ್ದನ್ನು ತಡಮಾಡದೆ ತಾರಸಿಯಲ್ಲಿ ತೊಳೆದ ಬಿಳಿ ಪಂಚೆಯ ಮೇಲೆ ಎಲೆಯಷ್ಟು ತೆಳುವಾಗಿ ಹರವಿ, ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿದೆವು. ದಪ್ಪಗೆ ಹರವಿದರೆ ಒಣಗುವ ಮುನ್ನ ಹಳಸುತ್ತದೆ. ಗಂಟೆಗೊಮ್ಮೆ ಕೈಯಾಡಿಸಿ ಗಂಟು ಒಡೆಯಬೇಕು. ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಮೋಡವಿದ್ದರೆ ಈ ಸಾಹಸಕ್ಕೆ ಕೈಹಾಕಲೇಬಾರದು, ಅಥವಾ ಅರವತ್ತು ಡಿಗ್ರಿ ಶಾಖದ ವಿದ್ಯುತ್ ಒಲೆಯ ಮೊರೆ ಹೋಗಬೇಕು. ಬೆಂದಾಗ ನಾಲ್ಕೂವರೆ ಕಿಲೋ ತೂಗುತ್ತಿದ್ದ ಉಪ್ಪಿಟ್ಟು ಎರಡು ದಿನಗಳಲ್ಲಿ ಒಂದೂವರೆ ಕಿಲೋಗೆ ಇಳಿಯಿತು. ಮೂರು ಕಿಲೋ ನೀರನ್ನು ಸೂರ್ಯನಾರಾಯಣ ಕೂಲಿ ಕೇಳದೆ ಹೊತ್ತುಕೊಂಡು ಹೋಗಿದ್ದ!

ಗೊಜ್ಜವಲಕ್ಕಿ ಇನ್ನೂ ಸುಲಭ. ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಒಡೆದು, ಗಟ್ಟಿಯಾದ ಹುಣಿಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಬೆರೆಸಿ ಒಣಗಿಸಿದೆವು. ಹುರಿದ ಕಡಲೆಕಾಯಿ, ಒಣಮೆಣಸು, ಕರಿಬೇವು, ತುರಿದ ಕೊಬ್ಬರಿ ಪ್ರತ್ಯೇಕ ಪೊಟ್ಟಣದಲ್ಲಿ. ಆಪತ್ತಿಗಿರಲೆಂದು ಬೆಲ್ಲ ಏಲಕ್ಕಿ ಹಾಕಿದ ರಾಗಿಯ ಹುರಿಹಿಟ್ಟು ಒಂದು ಡಬ್ಬ.

ಒಂದು ಸಂಜೆ ಆ ಉಪ್ಪಿಟ್ಟಿನ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಹುಡುಗನ ತಂದೆಯ ಮನೆಗೆ ಹೋದೆ. ಅವರು ತೆಂಗು ಬೆಳೆಗಾರರು. ನಾನು ಬಂದ ಕಾರಣವನ್ನು ಕೇಳಿ ಅವರು ಏನೂ ಹೇಳಲಿಲ್ಲ. ಡಬ್ಬವನ್ನು ಈಸಿಕೊಂಡು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಂದು ಚೂರನ್ನು ತೆಗೆದು ಉಗುರಿನಿಂದ ಒತ್ತಿದರು, ಮುರಿದರು, ಮೂಸಿದರು.

"ಇನ್ನೊಂದು ಬಿಸಿಲು ಬೇಕು ಮೇಷ್ಟ್ರೇ. ಹೊರಗೆ ಒಣಗಿದೆ, ಒಳಗೆ ಮೆತ್ತಗಿದೆ" ಎಂದರು. ಆಮೇಲೆ ಅಟ್ಟದಿಂದ ಎರಡು ಕಾಯಿಗಳನ್ನು ತರಿಸಿ ನನ್ನ ಕೈಗೆ ಕೊಟ್ಟರು. ಒಂದನ್ನು ಅಲ್ಲಾಡಿಸಿದರೆ ನೀರಿನ ಸದ್ದು. ಇನ್ನೊಂದರಲ್ಲಿ ಒಣಗಿದ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಉರುಳುತ್ತಿತ್ತು. "ಈ ಸದ್ದು ಬರೋವರೆಗೆ ನಾವು ಒಡೆಯೋದಿಲ್ಲ. ಅವಸರ ಮಾಡಿದರೆ ಬೂಷ್ಟು ಹಿಡಿಯುತ್ತೆ."

ಅಮ್ಮನೂ ನಾನೂ ಮರುದಿನ ಅದನ್ನು ಮತ್ತೆ ಹರವಿದೆವು. ಸಂಜೆ ಪೂರ್ತಿ ಆರಿಸಿ ಗಾಜಿನ ಭರಣಿಗೆ ತುಂಬಿ ಒಂದು ರಾತ್ರಿ ಇಟ್ಟೆವು. ಗಾಜಿನ ಒಳಮೈ ಮಂಜಾದರೆ ತೇವ ಉಳಿದಿದೆಯೆಂದು ಅರ್ಥ. ಬೆಳಿಗ್ಗೆ ಗಾಜು ನಿರ್ಮಲವಾಗಿತ್ತು. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಹದಿಮೂರು ಹುಡುಗರು ಸೇರಿದ್ದರು. ಬಸ್ಸು ಬರುವ ಹೊತ್ತಿಗೆ ಹದಿನಾಲ್ಕನೆಯವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವನ ತಂದೆ ಬಂದರು. ಮಗನ ಚೀಲವನ್ನು ನನ್ನ ಕೈಗೇ ಕೊಟ್ಟರು. ಆ ಚೀಲ ಇಡೀ ಪ್ರಯಾಣದ ಅತ್ಯಂತ ಭಾರವಾದ ಚೀಲವೆಂದು ನನಗೆ ತೋರಿತು.

ತರೀಕೆರೆಯಿಂದ ಮೊದಲು ಅಮೃತಪುರಕ್ಕೆ ಹೋದೆವು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ದೇವಾಲಯವಿದು. ಮಂಟಪದ ಕಂಬಗಳು ಕಡೆದ ಕಪ್ಪು ಗಾಜಿನಂತೆ ಹೊಳೆಯುತ್ತವೆ. ಕನ್ನಡ ಎಂ.ಎ. ಮಾಡಿದವನಿಗೆ ಅಲ್ಲಿ ಇನ್ನೊಂದು ಆಕರ್ಷಣೆಯಿದೆ: ಅಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಎಂಟು ಶತಮಾನ ಮಳೆ ಬಿಸಿಲು ಕಂಡರೂ ಆ ಮಾತು ಕಲ್ಲಿನಲ್ಲಿ ಕೆಡದೆ ನಿಂತಿದೆ. ಗಾದೆಯ ಎರಡನೆಯ ಭಾಗಕ್ಕೂ ಅಪವಾದವಿದೆಯೆಂದು ಹುಡುಗರಿಗೆ ಹೇಳಿದೆ. ಅವರು ಬಸ್ಸಿನ ವೇಳೆಯನ್ನು ಕೇಳಿದರು.

ಲಿಂಗದಹಳ್ಳಿಯ ಆಚೆ ಪರಿಚಿತರೊಬ್ಬರ ಅಡಿಕೆ ತೋಟದಲ್ಲಿ ಗುಡಾರ ಹಾಕಿದೆವು. ಬೆಳಿಗ್ಗೆ ತೋಟದ ಮನೆಯ ಒಲೆಯಲ್ಲಿ ನೀರು ಕಾಯಿಸಿ, ಒಬ್ಬೊಬ್ಬರಿಗೆ ತೊಂಬತ್ತು ಗ್ರಾಮಿನಂತೆ ಒಣ ಉಪ್ಪಿಟ್ಟನ್ನು ಪಾತ್ರೆಗೆ ಹಾಕಿ, ಅದರ ತೂಕದ ಎರಡರಷ್ಟು ಕುದಿಯುವ ನೀರನ್ನು ಸುರಿದು, ಮುಚ್ಚಿ ಕಂಬಳಿ ಸುತ್ತಿದೆವು. ಇಪ್ಪತ್ತು ನಿಮಿಷ. ಮುಚ್ಚಳ ತೆಗೆದಾಗ ಇಂಗು, ಈರುಳ್ಳಿಯ ಪರಿಮಳ ಎದ್ದಿತು. ಒಮ್ಮೆ ಬೆಂದ ರವೆ ಮತ್ತೆ ಬೇಯಬೇಕಾಗಿಲ್ಲ. ಕಳೆದುಕೊಂಡ ನೀರನ್ನು ಹಿಂದಕ್ಕೆ ಪಡೆದರೆ ಸಾಕು. ಮನೆಯ ಉಪ್ಪಿಟ್ಟಿನ ಮೃದುತ್ವ ಪೂರ್ತಿ ಬಂತೆಂದು ಹೇಳಿದರೆ ಸುಳ್ಳಾದೀತು. ಅಲ್ಲೊಂದು ಇಲ್ಲೊಂದು ಕಾಳು ಹಲ್ಲಿಗೆ ಸಿಕ್ಕುತ್ತಿತ್ತು. ಆದರೂ ಪಾತ್ರೆ ಬರಿದಾಯಿತು.

ಅಂದು ವೀರಭದ್ರನ ಗುಡಿಯ ಮೇಲಿಂದ ಧುಮುಕುವ ಕಲ್ಲತ್ತಿಗಿರಿಯ ನೀರಿಗೆ ಕೈಯೊಡ್ಡಿ, ಕೆಮ್ಮಣ್ಣುಗುಂಡಿಗೆ ಏರಿದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬೀಡಾಗಿದ್ದ ಈ ಗಿರಿಧಾಮ ಅನಂತರ ತೋಟಗಾರಿಕೆ ಇಲಾಖೆಗೆ ಸೇರಿತು. ಹೆಸರಿಗೆ ತಕ್ಕಂತೆ ಕೆಂಪಾದ ಆ ಮಣ್ಣಿನಲ್ಲಿ ಕಬ್ಬಿಣವಿದೆ. ಒಂದು ಕಾಲದಲ್ಲಿ ಇಲ್ಲಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿಯ ಅತಿಥಿಗೃಹದಲ್ಲಿ ತಂಗಿ, ಮರುದಿನ ಕತ್ತಲಿರುವಾಗಲೇ ಎದ್ದು ಕಣಿವೆಯ ಅಂಚಿನ ಕಾಲುದಾರಿಯಲ್ಲಿ ಝಡ್ ಪಾಯಿಂಟ್ ಎಂಬ ನೆಲೆಗೆ ನಡೆದೆವು. ಪುಷ್ಯಮಾಸ, ಹುಲ್ಲು ಒಣಗಿ ನಿಂತಿತ್ತು. ಒಂದು ಕಡ್ಡಿ ಗೀರಿದರೆ ಇಡೀ ಗುಡ್ಡವೇ ಹೊತ್ತಿ ಉರಿದೀತು. ಇಂಥ ಕಡೆ ಒಲೆ ಹೂಡುವ ಮಾತೇ ಇಲ್ಲ. ತಣ್ಣೀರಿನಲ್ಲಿ ನೆನೆಯುವ ಗೊಜ್ಜವಲಕ್ಕಿಯ ಬೆಲೆ ಅಲ್ಲಿ ತಿಳಿಯಿತು. ಅಳತೆಗೆ ಅಳತೆ ನೀರು, ಕಾಲು ಗಂಟೆಯ ಕಾಯುವಿಕೆ. ಅಷ್ಟರಲ್ಲಿ ಪೂರ್ವದ ಬಯಲಿನ ಆಚೆ ಸೂರ್ಯ ಮೂಡಿದ. ನಮ್ಮ ತಾರಸಿಯ ಮೇಲೆ ಮೂರು ದಿನ ದುಡಿದ ಅದೇ ಸೂರ್ಯ.

ಮೊದಲ ತುತ್ತು ತಿಂದವನು ಅದೇ ಹುಡುಗ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. "ಸಾರ್, ನೀವೂ ತಿನ್ನಿ" ಎಂದು ಅವನು ನಕ್ಕ. ಅಂದು ಮಧ್ಯಾಹ್ನ ಇಳಿಯುವವರೆಗೂ ಅವನ ನಡಿಗೆಯನ್ನು ಕದ್ದು ಗಮನಿಸುತ್ತಲೇ ಇದ್ದೆ. ಅವನು ಎಲ್ಲರಿಗಿಂತ ಮುಂದಿದ್ದ.

ಕಡೂರಿನಲ್ಲಿ ಬಸ್ಸಿಳಿದಾಗ ಕತ್ತಲಾಗಿತ್ತು. ಅವನ ತಂದೆ ಕಾದು ನಿಂತಿದ್ದರು. ಮಗನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಕಡೆ ತಿರುಗಿ, "ಬುತ್ತಿ ಏನಾದರೂ ಉಳೀತಾ ಮೇಷ್ಟ್ರೇ?" ಎಂದರು. ತಳದಲ್ಲಿ ಒಂದು ಹಿಡಿ ಗೊಜ್ಜವಲಕ್ಕಿಯಿತ್ತು. ಡಬ್ಬವನ್ನು ಕೊಟ್ಟೆ. ಅವರು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಣಗಿದ್ದಂತೆಯೇ ಬಾಯಿಗೆ ಹಾಕಿಕೊಂಡರು.