ಇಪ್ಪತ್ತೆರಡನೆಯ ಫ್ಲಾಪಿ

ಕಾಡಿನ ನಡುವೆ ಕಡಿದ ಮರದ ಬೊಡ್ಡೆಯೊಂದಿದೆ. ಅದರೊಳಗೆ ಇಣುಕಿದ ಹುಡುಗನಿಗೆ ಕೆಳಗೊಂದು ಸುರಂಗವಿರುವಂತೆ ಕಾಣುತ್ತದೆ. ಇಳಿದು ನೋಡೋಣವೆಂದರೆ ಕಂಪ್ಯೂಟರ್ ತಡೆಯುತ್ತದೆ. 22ನೇ ಫ್ಲಾಪಿ ಹಾಕಬೇಕಂತೆ. ಆಮೇಲೆ 36ನೆಯದಂತೆ. ಅದೂ ಆದ ಮೇಲೆ 114ನೆಯದಂತೆ! ಅಂಗಡಿಯಿಂದ ತಂದ ಪೆಟ್ಟಿಗೆಯಲ್ಲಿದ್ದ ಫ್ಲಾಪಿಗಳಾದರೋ ಬೆರಳೆಣಿಕೆಯಷ್ಟು. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದರೂ ಇನ್ನೊಂದು ಉದುರುವುದಿಲ್ಲ.

ಇದು ಆಟ ಬರೆದವರ ಕುಚೇಷ್ಟೆ. ಒಂದು ಫ್ಲಾಪಿಗೆ 1.44 ಮೆಗಾಬೈಟ್ ಎಂದು ಧಾರಾಳವಾಗಿ ಲೆಕ್ಕ ಹಿಡಿದರೆ 114 ಫ್ಲಾಪಿಗಳಿಗೆ 164 ಮೆಗಾಬೈಟ್ ಆಗುತ್ತದೆ. ಆ ಕಾಲದಲ್ಲಿ ಮನೆಯ ಕಂಪ್ಯೂಟರಿನೊಳಗೆ 40 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇದ್ದರೆ ಅದೇ ದೊಡ್ಡಸ್ತಿಕೆ. ಇಷ್ಟು ಗುಣಾಕಾರ ಮಾಡಿದ್ದರೆ ಗುಟ್ಟು ತಿಳಿದುಹೋಗುತ್ತಿತ್ತು. ಆದರೆ ಆಟದ ಭರದಲ್ಲಿರುವವರಿಗೆ ಗುಣಾಕಾರ ಏಕೆ ಬೇಕು? ತಮಗೆ 22ನೇ ಫ್ಲಾಪಿ ಬಂದಿಲ್ಲವೆಂದು ಎಷ್ಟೋ ಜನ ಕಂಪನಿಗೆ ಫೋನ್ ಮಾಡಿ ದೂರು ಕೊಟ್ಟರು. ಉತ್ತರ ಹೇಳಿ ಹೇಳಿ ಅಲ್ಲಿನವರಿಗೆ ಸಾಕಾಗಿರಬೇಕು, ಮುಂದೆ ಸಿ.ಡಿ.ಯಲ್ಲಿ ಆಟ ಬಂದಾಗ ಈ ತಮಾಷೆಯನ್ನೇ ತೆಗೆದುಹಾಕಲಾಯಿತು.

ಆಟದ ಹೆಸರು 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್', ಅಂದರೆ ಕೋತಿ ದ್ವೀಪದ ರಹಸ್ಯ. 'ಸ್ಟಾರ್ ವಾರ್ಸ್' ಚಲನಚಿತ್ರದ ಜಾರ್ಜ್ ಲ್ಯೂಕಾಸ್ ಅವರ ಕ್ಯಾಲಿಫೋರ್ನಿಯಾದ ಸಂಸ್ಥೆಯಿಂದ 1990ರಲ್ಲಿ ಹೊರಬಂತು. ಬರೆದವರು ರಾನ್ ಗಿಲ್ಬರ್ಟ್, ಜೊತೆಗೆ ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್. ಗಿಲ್ಬರ್ಟ್ ಭೌತಶಾಸ್ತ್ರ ಕಲಿಸುವ ಪ್ರಾಧ್ಯಾಪಕರೊಬ್ಬರ ಮಗ. ತಂದೆಯ ಕೆಲಸದಿಂದಾಗಿ ಮನೆಗೆ ಬಂದ ಕ್ಯಾಲ್ಕುಲೇಟರ್ ಹಿಡಿದೇ ಪ್ರೋಗ್ರಾಂ ಬರೆಯುವುದನ್ನು ಕಲಿತವರು. ಮನೆಗೆ ಬಂದ ಸಾಮಾನನ್ನು ಮಕ್ಕಳ ಕೈಗೆ ಸಿಗದಂತೆ ಅಟ್ಟಕ್ಕೇರಿಸುವ ತಂದೆತಾಯಿಯರು ಇದನ್ನು ಗಮನಿಸಬಹುದು.

ಈ ಬಗೆಯ ಆಟದ ವಂಶಾವಳಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ ನಕ್ಷೆ ತಯಾರಿಸುವ ಹವ್ಯಾಸವಿದ್ದ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ 1970ರ ದಶಕದ ಮಧ್ಯದಲ್ಲಿ ಒಂದು ಗುಹೆಯಾಟ ಬರೆದರು. ಹೆಂಡತಿಯಿಂದ ಬೇರೆಯಾಗಿದ್ದ ಅವರಿಗೆ ಹೆಣ್ಣುಮಕ್ಕಳಿಬ್ಬರ ಜೊತೆ ಕಳೆಯುವ ಹೊತ್ತಿಗೊಂದು ನೆಪ ಬೇಕಿತ್ತು. ಅದರಲ್ಲಿ ಚಿತ್ರವೇ ಇರಲಿಲ್ಲ. ಉತ್ತರಕ್ಕೆ ಹೋಗು, ದೀಪ ತೆಗೆದುಕೋ ಎಂದು ಟೈಪು ಮಾಡಿದರೆ ಮುಂದೇನಾಯಿತೆಂದು ಕಂಪ್ಯೂಟರ್ ಅಕ್ಷರಗಳಲ್ಲೇ ಹೇಳುತ್ತಿತ್ತು. 1980ರಲ್ಲಿ ರಾಬರ್ಟಾ ವಿಲಿಯಮ್ಸ್ ಇದಕ್ಕೆ ಗೆರೆಚಿತ್ರ ಸೇರಿಸಿದರು. ಆದರೂ ಟೈಪು ಮಾಡುವ ಪೀಡೆ ತಪ್ಪಲಿಲ್ಲ. ಎದುರಿಗೆ ಪೊದೆ ಕಾಣುತ್ತದೆ. ಪೊದೆ ಎಂದರೆ ಕಂಪ್ಯೂಟರಿಗೆ ಅರ್ಥವಾಗದು, ಗಿಡ ಎನ್ನಬೇಕು! 1987ರಲ್ಲಿ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ 'ಮೇನಿಯಾಕ್ ಮ್ಯಾನ್ಶನ್' ಎಂಬ ಆಟದಲ್ಲಿ ಕ್ರಿಯಾಪದಗಳನ್ನೆಲ್ಲ ಪರದೆಯ ಕೆಳಗೆ ಸಾಲಾಗಿ ಬರೆದಿಟ್ಟರು. ತೆರೆ, ಎತ್ತಿಕೋ, ಕೊಡು. ಬಾಣದ ಗುರುತಿನಿಂದ ಕ್ರಿಯಾಪದ ಒತ್ತಿ, ಬಳಿಕ ವಸ್ತುವನ್ನು ಒತ್ತಿದರಾಯಿತು. ಪಾಯಿಂಟ್ ಅಂಡ್ ಕ್ಲಿಕ್ ಎನ್ನುವುದು ಇದಕ್ಕೇ.

ಕೋತಿ ದ್ವೀಪದ ಕಥೆ ಇಷ್ಟೇ. ಗೈಬ್ರಷ್ ಥ್ರೀಪ್‌ವುಡ್ ಎಂಬ ಬಡಕಲು ಹುಡುಗ ಕಡಲ್ಗಳ್ಳನಾಗಬೇಕೆಂಬ ಹುಚ್ಚು ಹಂಬಲ ಹೊತ್ತು ಮೆಲೀ ದ್ವೀಪಕ್ಕೆ ಬರುತ್ತಾನೆ. (ಅವನ ಹೆಸರಿಗೂ ಒಂದು ಕಥೆಯುಂಟು. ನಾಯಕನಿಗೆ ಹೆಸರು ಹೊಳೆಯದೆ ಚಿತ್ರದ ಕಡತಕ್ಕೆ 'ಗೈ', ಅಂದರೆ ಯಾರೋ ಒಬ್ಬ, ಎಂದಿಟ್ಟಿದ್ದರು. ಚಿತ್ರ ಬರೆಯುವ ತಂತ್ರಾಂಶದ 'ಬ್ರಷ್' ಅದಕ್ಕೆ ಅಂಟಿಕೊಂಡಿತು.) ಅಲ್ಲಿನ ಹಿರಿಯ ಕಳ್ಳರು ಮೂರು ಪರೀಕ್ಷೆ ಒಡ್ಡುತ್ತಾರೆ: ಕತ್ತಿವರಸೆ, ಕಳ್ಳತನ, ನಿಧಿಶೋಧ. ಗೆಲ್ಲಲು ಬೇಕಾದ ಸಾಮಾನುಗಳಾದರೂ ಎಂಥವು! ರಬ್ಬರಿನ ಕೋಳಿಯೊಂದಿದೆ, ಅದರ ಹೊಟ್ಟೆಯ ನಡುವೆ ಒಂದು ರಾಟೆ. ಸರಳ ಯಂತ್ರಗಳ ಪಾಠ ನೆನಪಿರುವವನು ಎರಡು ಕಡೆ ಬಿಗಿದ ತಂತಿಯನ್ನು ಕಂಡೊಡನೆ ಕೋಳಿಯನ್ನು ಅದಕ್ಕೆ ಸಿಕ್ಕಿಸಿ ಜಾರಿಕೊಂಡು ಆಚೆ ದಡ ಸೇರುತ್ತಾನೆ. ನೆನಪಿಲ್ಲದವನು ಎರಡು ದಿನ ದಡದಲ್ಲೇ ಅಲೆಯುತ್ತಾನೆ.

ಕತ್ತಿವರಸೆಯಂತೂ ಇಡೀ ಆಟದ ಕಲಶ. ಅಲ್ಲಿ ಕೈಚಳಕಕ್ಕೆ ಬೆಲೆಯಿಲ್ಲ, ಬಾಯಿಗೆ ಬೆಲೆ. ಎದುರಾಳಿ ಒಂದು ಬೈಗುಳ ಎಸೆಯುತ್ತಾನೆ, ಅದಕ್ಕೆ ತಕ್ಕ ಮಾರುತ್ತರ ಕೊಟ್ಟವನ ಕತ್ತಿ ಮುಂದೆ ಹೋಗುತ್ತದೆ. ಮಾರುತ್ತರ ತಿಳಿಯುವುದು ಹೇಗೆ? ಸೋತು. ದಾರಿಯಲ್ಲಿ ಸಿಕ್ಕ ಕಳ್ಳನೊಡನೆ ಸೋತಾಗ ಅವನ ಬೈಗುಳ ಇವನ ಸಂಗ್ರಹಕ್ಕೆ ಸೇರುತ್ತದೆ. ಅದನ್ನೇ ಮುಂದಿನವನ ಮೇಲೆ ಪ್ರಯೋಗಿಸಿದರೆ ಅವನ ಬಾಯಿಂದ ಉತ್ತರ ಹೊರಬೀಳುತ್ತದೆ. ಹೀಗೆ ಹತ್ತಾರು ಬಾರಿ ಮಣ್ಣುಮುಕ್ಕಿ, ಎಲ್ಲ ಉತ್ತರಗಳನ್ನೂ ಬಾಯಿಪಾಠ ಮಾಡಿಕೊಂಡು ಕೊನೆಗೆ ಕತ್ತಿವರಸೆಯ ಗುರುವಿನ ಮುಂದೆ ನಿಂತರೆ, ಆಕೆ ಒಂದೂ ಹಳೆಯ ಬೈಗುಳ ಬಳಸುವುದಿಲ್ಲ! ಎಲ್ಲವೂ ಹೊಸವು. ಆದರೆ ಉತ್ತರಗಳು ಮಾತ್ರ ಹಳೆಯವೇ. ಯಾವ ಹೊಸ ಪ್ರಶ್ನೆಗೆ ಯಾವ ಹಳೆಯ ಉತ್ತರ ಒಪ್ಪುತ್ತದೆಂದು ನಿಂತಲ್ಲೇ ಯೋಚಿಸಬೇಕು. ಗೈಡು ಉರುಹೊಡೆದು ಪರೀಕ್ಷೆಗೆ ಹೋದವನ ಪಾಡು ಅಲ್ಲಿ ಬಯಲಾಗುತ್ತದೆ. ಇಷ್ಟು ಸೊಗಸಾದ ಪ್ರಶ್ನೆಪತ್ರಿಕೆಯನ್ನು ಯಾವ ಪರೀಕ್ಷಾ ಮಂಡಳಿಯೂ ತೆಗೆದಿರಲಾರದು.

ಗಿಲ್ಬರ್ಟ್ ಅವರಿಗೆ ಇನ್ನೊಂದು ಹಟವಿತ್ತು. ಆಗಿನ ಬಹುತೇಕ ಸಾಹಸದ ಆಟಗಳಲ್ಲಿ ಹೆಜ್ಜೆ ತಪ್ಪಿದರೆ ಸಾವು. ಮೊದಲ ಅಧ್ಯಾಯದಲ್ಲಿ ಎತ್ತಿಕೊಳ್ಳದೆ ಬಿಟ್ಟ ವಸ್ತುವಿಗಾಗಿ ಕೊನೆಯ ಅಧ್ಯಾಯದಲ್ಲಿ ಶಿಕ್ಷೆ. ಇದು ಸರಿಯಲ್ಲವೆಂದು 1989ರಲ್ಲೇ ಅವರು ಲೇಖನ ಬರೆದು ವಾದಿಸಿದ್ದರು. ಆದ್ದರಿಂದ ಕೋತಿ ದ್ವೀಪದಲ್ಲಿ ಗೈಬ್ರಷ್ ಸಾಯುವುದಿಲ್ಲ. ಒಂದೇ ಒಂದು ಅಪವಾದ. ತಾನು ಹತ್ತು ನಿಮಿಷ ಉಸಿರು ಹಿಡಿಯಬಲ್ಲೆನೆಂದು ಅವನು ಕೊಚ್ಚಿಕೊಂಡಿರುತ್ತಾನೆ. ನೀರಿನಡಿ ಕಟ್ಟಿಹಾಕಿದಾಗ ಆಟಗಾರ ಏನೂ ಮಾಡದೆ ಗಡಿಯಾರ ನೋಡುತ್ತ ಕುಳಿತರೆ ಹತ್ತು ನಿಮಿಷಕ್ಕೆ ಸರಿಯಾಗಿ ಸಾಯುತ್ತಾನೆ. ನಿಜವೇ ಎಂದು ಪರೀಕ್ಷಿಸಲು ಬೇಕೆಂದೇ ಕಾದವರೂ ಇದ್ದಾರೆ. ಪ್ರಯೋಗಬುದ್ಧಿ ಎಂದರೆ ಅದೇ ಅಲ್ಲವೇ?

1991ರಲ್ಲಿ ಎರಡನೆಯ ಭಾಗ ಬಂತು. ಅದರ ಕೊನೆ ಆಡಿದವರ ನಿದ್ದೆಗೆಡಿಸಿತು. ವೈರಿ ಲೆಚಕ್‌ನೊಡನೆ ಹೋರಾಡಿ ಮುಗಿಸುವಷ್ಟರಲ್ಲಿ ಗೈಬ್ರಷ್ ಮತ್ತು ಲೆಚಕ್ ಇಬ್ಬರೂ ಚಿಕ್ಕ ಹುಡುಗರಾಗಿ, ಒಂದು ಮನರಂಜನಾ ಉದ್ಯಾನದಲ್ಲಿ ಅಪ್ಪ ಅಮ್ಮನ ಮುಂದೆ ನಿಂತಿರುತ್ತಾರೆ. ಹಾಗಾದರೆ ನಡೆದದ್ದೆಲ್ಲ ಮಕ್ಕಳ ಕಲ್ಪನೆಯೇ? ಮಾಟವೇ? ವಿವರಿಸಬೇಕಾದ ಗಿಲ್ಬರ್ಟ್ 1992ರಲ್ಲಿ ಸಂಸ್ಥೆ ಬಿಟ್ಟು, ಎಳೆಯ ಮಕ್ಕಳ ಆಟಗಳನ್ನು ಮಾಡುವ ಸ್ವಂತ ಕಂಪನಿ ಕಟ್ಟಲು ಹೋದರು. 1997, 2000 ಮತ್ತು 2009ರಲ್ಲಿ ಬೇರೆಯವರು ಮುಂದಿನ ಭಾಗಗಳನ್ನು ಬರೆದರು. ಅವು ಕೆಟ್ಟವೇನಲ್ಲ, 1997ರದಂತೂ ಚೆಲುವಾದ ಆಟ. ಆದರೂ ಧಾರಾವಾಹಿಯ ನಡುವೆ ಲೇಖಕರು ಬದಲಾದರೆ ಓದುಗನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದೇ ಉಳಿಯುತ್ತದೆ. ಅವರಾದರೆ ಏನು ಬರೆಯುತ್ತಿದ್ದರು?

ಅಷ್ಟರಲ್ಲಿ ಕಾಲ ಬದಲಾಗಿತ್ತು. ಗುಂಡು ಹಾರಿಸುವ, ಓಡುವ ಆಟಗಳು ಬಂದವು. ನಿಂತು ಯೋಚಿಸುವ ಆಟಗಳು ಅಂಗಡಿಯಿಂದ ಮಾಯವಾದವು. ಹಳೆಯ ಫ್ಲಾಪಿಗಳನ್ನು ಹೊಸ ಯಂತ್ರಗಳು ಓದದಾದವು. ಅಭಿಮಾನಿಗಳು ಕೈಕಟ್ಟಿ ಕೂರಲಿಲ್ಲ. 2001ರಲ್ಲಿ ಕೆಲವು ಪ್ರೋಗ್ರಾಮರುಗಳು ಸೇರಿ 'ಸ್ಕಮ್ ವಿ.ಎಂ.' ಎಂಬ ಉಚಿತ ತಂತ್ರಾಂಶ ಆರಂಭಿಸಿದರು. ಹಳೆಯ ಆಟದ ಕಡತಗಳನ್ನು ಕೊಟ್ಟರೆ ಹೊಸ ಕಂಪ್ಯೂಟರಿನಲ್ಲಿ ಅದು ಅವನ್ನು ನಡೆಸಿಕೊಡುತ್ತದೆ. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಇಷ್ಟು ದೊಡ್ಡ ಕೆಲಸ. 2012ರಲ್ಲಿ ಟಿಮ್ ಶೇಫರ್ ಅವರ ತಂಡ ಹಳೆಯ ಬಗೆಯ ಸಾಹಸದ ಆಟವೊಂದಕ್ಕೆ ಜನರಿಂದ 4 ಲಕ್ಷ ಡಾಲರ್ ಕೇಳಿದಾಗ, 87 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 33 ಲಕ್ಷ ಡಾಲರಿಗೂ ಮೀರಿ ಕೊಟ್ಟರು.

ಉತ್ತರ ಗೊತ್ತಿರುವ ಒಗಟನ್ನು ಮತ್ತೆ ಬಿಡಿಸುವುದರಲ್ಲಿ ಏನು ಸುಖ? ಯಕ್ಷಗಾನದ ಚೌಕಿಯ ಬಳಿ ಹೋಗಿ, ಕೊನೆಗೆ ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನವರೆಗೆ ಏಕೆ ಕೂರುತ್ತೀರಿ ಎಂದು ಕೇಳಿದಂತೆ ಇದು. 2009ರಲ್ಲಿ ಮೊದಲ ಆಟಕ್ಕೆ ಹೊಸ ಬಣ್ಣ ಬಳಿದು ಮಾರಿದಾಗ, ಒಂದು ಕೀಲಿ ಒತ್ತಿದರೆ ಹೊಸ ಚಿತ್ರ ಹೋಗಿ ಹಳೆಯ ಚಿತ್ರ ಬರುವ ಏರ್ಪಾಡಿತ್ತು. ದೊಡ್ಡ ದೊಡ್ಡ ಚೌಕಗಳ, ಹದಿನಾರೋ ಇನ್ನಷ್ಟೋ ಬಣ್ಣಗಳ ಆ ಹಳೆಯ ಬೀದಿಯನ್ನು ನೋಡಲೆಂದೇ ಜನ ಮತ್ತೆ ಮತ್ತೆ ಕೀಲಿ ಒತ್ತಿದರು.

2022ರ ಏಪ್ರಿಲ್ 1ರಂದು ಗಿಲ್ಬರ್ಟ್ ತಾವು ಮತ್ತೊಂದು ಮಂಕಿ ಐಲೆಂಡ್ ಮಾಡಲು ನಿರ್ಧರಿಸಿರುವುದಾಗಿ ಪ್ರಕಟಿಸಿದರು. ಮೂರ್ಖರ ದಿನ! ಅದರಲ್ಲೂ ಆ ದಿನದ ಹುಡುಗಾಟಗಳನ್ನು ತಾವು ಮಾಡುವುದಿಲ್ಲವೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು. ನಂಬಿದವರು ಅರೆಬರೆ, ನಕ್ಕವರೇ ಹೆಚ್ಚು. ಮೂರು ದಿನ ಕಳೆದು ಏಪ್ರಿಲ್ 4ರಂದು 'ರಿಟರ್ನ್ ಟು ಮಂಕಿ ಐಲೆಂಡ್'ನ ಅಧಿಕೃತ ಪ್ರಕಟಣೆ ಬಂದಾಗ, ಅದು ಎರಡು ವರ್ಷಗಳಿಂದ ಗುಟ್ಟಾಗಿ ತಯಾರಾಗುತ್ತಿದ್ದ ಸಂಗತಿ ತಿಳಿಯಿತು. ಗ್ರಾಸ್‌ಮನ್ ಜೊತೆಗಿದ್ದರು. ಗೈಬ್ರಷ್‌ಗೆ ದನಿ ಕೊಟ್ಟವರು 1997ರಿಂದ ಆ ದನಿಯೇ ಆಗಿರುವ ಡಾಮಿನಿಕ್ ಅರ್ಮಾಟೊ. ಅವರೂ ಮೊದಲು ಈ ಆಟಗಳ ಅಭಿಮಾನಿಯಾಗಿದ್ದವರೇ. 1990ರಲ್ಲಿ 12 ವರ್ಷದವನಾಗಿದ್ದ ಹುಡುಗನಿಗೆ ಆಗ 44 ತುಂಬುತ್ತಿತ್ತು. ಅವನ ಮಗನಿಗೇ ಹನ್ನೆರಡಾಗಿದ್ದಿರಬಹುದು.

ಇಷ್ಟು ಹೊತ್ತಿಗೆ ಸಂಭ್ರಮವಷ್ಟೇ ಇರಬೇಕಿತ್ತು. ಆದರೆ ಜೂನ್ ತಿಂಗಳಲ್ಲಿ ಹೊಸ ಆಟದ ತುಣುಕು ತೋರಿಸಿದಾಗ ಅದರ ಚಿತ್ರಶೈಲಿ ಕೆಲವರಿಗೆ ಹಿಡಿಸಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದಂಥ ಕೋನ ಕೋನದ ಮುಖಗಳು. ಅವರ ನೆನಪಿನಲ್ಲಿದ್ದ ಗೈಬ್ರಷ್ ಹಾಗಿರಲಿಲ್ಲ. ಹಿಡಿಸಲಿಲ್ಲವೆಂದು ಹೇಳಿದ್ದರೆ ತಪ್ಪಿರಲಿಲ್ಲ. ಅವರು ನೇರವಾಗಿ ಗಿಲ್ಬರ್ಟ್ ಅವರನ್ನೇ ಬೈಯತೊಡಗಿದರು. ಆಟದೊಳಗಿನ ಬೈಗುಳಕ್ಕೆ ಚಾತುರ್ಯವಾದರೂ ಇತ್ತು, ಇವಕ್ಕೆ ಅದೂ ಇರಲಿಲ್ಲ. ವಯಸ್ಸು ಅರವತ್ತರತ್ತ ಸಾಗಿದ್ದ ಮನುಷ್ಯ ಓದುಗರ ಮಾತಿಗಿದ್ದ ಬಾಗಿಲು ಮುಚ್ಚಿ, ಇನ್ನು ಈ ಆಟದ ವಿಷಯ ಬರೆಯುವುದಿಲ್ಲ, ಹಂಚಿಕೊಳ್ಳುವ ಖುಷಿಯೇ ಹೋಯಿತು ಎಂದು ಸುಮ್ಮನಾದರು. ಮೂವತ್ತು ವರ್ಷ 'ಬನ್ನಿ, ಬನ್ನಿ' ಎಂದು ಕರೆದ ಬಳಗದ ನಡುವಿನಿಂದಲೇ ಈ ದನಿಗಳೆದ್ದಿದ್ದವು. ಚಿತ್ರ ಬರೆದ ರೆಕ್ಸ್ ಕ್ರೌಲ್ ಅವರಿಗೂ ನೋವಾಗಿರದೆ ಇರಲು ಸಾಧ್ಯವೇ? ಆಟವಿನ್ನೂ ಯಾರ ಕೈಗೂ ಬಂದಿರಲಿಲ್ಲ ಎಂಬುದನ್ನು ಮರೆಯಬಾರದು.

ಕೈಗೆ ಬಂದದ್ದು 2022ರ ಸೆಪ್ಟೆಂಬರ್ 19ರಂದು. ಕಡಲ್ಗಳ್ಳರಂತೆ ಮಾತನಾಡುವ ದಿನವೆಂದು ಕೆಲವರು ತಮಾಷೆಗೆ ಆಚರಿಸುವ ದಿನವದು. ಎರಡನೆಯ ಭಾಗ ಮುಗಿದಿದ್ದ ಮನರಂಜನಾ ಉದ್ಯಾನದಿಂದಲೇ ಕಥೆ ಶುರುವಾಗುತ್ತದೆ. ಹಳೆಯದನ್ನು ಮರೆತವರಿಗೆ, ತಿಳಿಯದವರಿಗೆ ಒಂದು ಚಿತ್ರಸಂಪುಟವಿದೆ. ಒಗಟು ಕಡಿಮೆಯಿರುವ ಸುಲಭದ ದಾರಿಯೊಂದಿದೆ, ಕಷ್ಟದ್ದೊಂದಿದೆ. ಸುಳಿವಿನ ಪುಸ್ತಕ ಗೈಬ್ರಷ್‌ನ ಜೇಬಿನಲ್ಲೇ ಇರುತ್ತದೆ. ಅದು ಒಮ್ಮೆಗೇ ಉತ್ತರ ಹೇಳದೆ, ಮೊದಲು ಮೆಲ್ಲಗೆ ಒಂದು ಮಾತು, ಸಾಲದಿದ್ದರೆ ಇನ್ನೊಂದು ಮಾತು ಎಂದು ಕೈಹಿಡಿದು ನಡೆಸುತ್ತದೆ. ಮನೆಪಾಠ ಹೇಳುವ ಅಪ್ಪ ಅಮ್ಮಂದಿರು ಒಮ್ಮೆ ತೆರೆದು ನೋಡುವಂತಿದೆ.

ಕೊನೆಗೂ ರಹಸ್ಯವೇನೆಂದು ಇಲ್ಲಿ ಹೇಳುವುದು ಆಡಲಿರುವವರಿಗೆ ಮಾಡುವ ಮೋಸ. ಅದನ್ನು ಮೆಚ್ಚಿದವರಿದ್ದಾರೆ, ಇದಕ್ಕಾಗಿಯೇ ಕಾದೆವೇ ಎಂದು ಮುನಿದವರೂ ಇದ್ದಾರೆ. ಇಷ್ಟು ಹೇಳಬಹುದು. ಗೈಬ್ರಷ್‌ಗೆ ಈಗ ವಯಸ್ಸಾಗಿದೆ, ಚೂಪು ಗಡ್ಡ ಬಂದಿದೆ. ಉದ್ಯಾನದ ಬೆಂಚಿನ ಮೇಲೆ ಕುಳಿತು ಅವನು ಈ ಕಥೆಯನ್ನೆಲ್ಲ ತನ್ನ ಪುಟ್ಟ ಮಗನಿಗೆ ಹೇಳುತ್ತಿದ್ದಾನೆ. ಮಗ ನಡುನಡುವೆ ಬಾಯಿ ಹಾಕುತ್ತಾನೆ. ಕಥೆ ಮುಗಿದ ಮೇಲೆ ಹುಡುಗ ಹೋಗುತ್ತಾನೆ, ಹೆಂಡತಿ ಎಲೇನ್ ಬಂದು ಎರಡು ಮಾತಾಡಿ ಅವಳೂ ಎದ್ದು ಹೋಗುತ್ತಾಳೆ. ಗೈಬ್ರಷ್ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತಾನೆ.