ಬೆಂಕಿಪುರದಿಂದ ಕೆಮ್ಮಣ್ಣುಗುಂಡಿಗೆ

ಪ್ರವಾಸವೆಂದರೆ ದುಡಿಮೆಯ ಚಿಂತೆಯನ್ನು ಮನೆಯಲ್ಲಿ ಬಿಟ್ಟು ಹೊರಡುವುದೆಂಬ ಭಾವನೆ ಈಗ ರೂಢವಾಗಿದೆ. ಆದರೆ ನಮ್ಮ ನಾಡಿನ ಕೆಲವು ಸ್ಥಳಗಳು ದುಡಿಮೆಯಿಂದಲೇ ಹೆಸರು ಪಡೆದವು. ಅಲ್ಲಿಗೆ ಹೋದವರು ದುಡಿಮೆಯ ಏಳುಬೀಳುಗಳನ್ನು ಕಾಣದೆ ಹಿಂದಿರುಗಲಾರರು. ಭದ್ರಾವತಿ, ಅಮೃತಾಪುರ, ಕೆಮ್ಮಣ್ಣುಗುಂಡಿಗಳು ಅಂತಹವು. ಕಳೆದ ದಸರಾ ರಜೆಯಲ್ಲಿ ನಾವು ಮಗ, ಸೊಸೆ, ಮೊಮ್ಮಕ್ಕಳೊಡನೆ ದಾವಣಗೆರೆಯಿಂದ ಚನ್ನಗಿರಿಯ ಮಾರ್ಗವಾಗಿ ಹೊರಟು, ಮೂರು ದಿನ ಈ ಸ್ಥಳಗಳಲ್ಲಿ ಸಂಚರಿಸಿದೆವು.

ಈ ಪ್ರವಾಸ ನಿಂತುಹೋಗುವುದರಲ್ಲಿತ್ತು. ನಮ್ಮ ಮಗ ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಹದಿನಾರು ವರ್ಷಗಳಿಂದ ಕೆಲಸದಲ್ಲಿದ್ದಾನೆ. ವಯಸ್ಸು ನಲವತ್ತು. ಅವನಿರುವ ವಿಭಾಗದಲ್ಲಿ ಜನರನ್ನು ಕಡಿಮೆ ಮಾಡಲಾಗುವುದೆಂದೂ, ಯಾರು ಉಳಿಯುವರು, ಯಾರು ಹೋಗುವರು ಎಂಬುದು ಮುಂದೆ ತಿಳಿಯುವುದೆಂದೂ ಸೂಚನೆ ಬಂದಿತ್ತು. "ಈಗ ಖರ್ಚು ಯಾಕೆ ಅಪ್ಪಾಜಿ, ಮುಂದಿನ ವರ್ಷ ನೋಡೋಣ" ಎಂದು ಅವನು ಫೋನಿನಲ್ಲಿ ಹೇಳಿದ. ಸೊಸೆ ಮಾತ್ರ ಒಪ್ಪಲಿಲ್ಲ. "ಮಗ ಈಗ ಒಂಬತ್ತನೆಯ ತರಗತಿ. ಮುಂದೆ ಹತ್ತು, ಆಮೇಲೆ ಪಿಯುಸಿ. ಅವನು ನಮ್ಮ ಸಂಗಡ ಬರುವ ರಜೆಗಳು ಇನ್ನೆಷ್ಟು ಉಳಿದಿವೆ ಮಾವ?" ಎಂದು ಕೇಳಿದಳು. ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ಎದುರಾಡಲಿಲ್ಲ. ಮಕ್ಕಳಿಗೆ ಮಾತ್ರ ವಿಷಯ ತಿಳಿಸಿರಲಿಲ್ಲ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆ ಬರುವುದಕ್ಕೆ ಮೊದಲೇ ಊರಿಗೆ ಆ ಹೆಸರಿದ್ದುದು ಒಂದು ಸೋಜಿಗ. 1918ರಲ್ಲಿ ಮೈಸೂರು ಸರ್ಕಾರ ಕೈಗೊಂಡ ಯೋಜನೆಯ ಫಲವಾಗಿ 1923ರ ಜನವರಿಯಲ್ಲಿ ಇಲ್ಲಿಯ ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟ ಮೇಲೆ, 1923ರಿಂದ 1929ರವರೆಗೆ ಇದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಾಡಿನ ಸೌದೆಯ ಇದ್ದಿಲನ್ನೇ ಉರಿಸಿ ಕಬ್ಬಿಣ ಕರಗಿಸಿದರು. ಕಾರ್ಖಾನೆಯ ಸುತ್ತ ಊರು ಬೆಳೆಯಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಗೊಂಡಿತು. ಎರಡೂ ಇದ್ದ ಊರಿನಲ್ಲಿ ಕೆಲಸ ಸಿಕ್ಕಿತೆಂದರೆ ಮೂರು ತಲೆಮಾರಿಗೆ ನೆಮ್ಮದಿಯೆಂದು ಜನ ನಂಬಿದ್ದರು.

ಆ ನಂಬಿಕೆ ಸಡಿಲವಾದುದನ್ನು ನಮ್ಮ ಕಾಲವೇ ಕಂಡಿತು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲಸ ಭಾಗಶಃ ಮತ್ತೆ ಮೊದಲಾಯಿತು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದುದನ್ನು ಕಂಡ ದಾವಣಗೆರೆಯವರಿಗೆ ಈ ಕಥೆ ಹೊಸದಲ್ಲ.

ಚಹಾದ ಅಂಗಡಿಯಲ್ಲಿ ನಿವೃತ್ತ ಕಾರ್ಮಿಕರೊಬ್ಬರು ಮಾತಿಗೆ ಸಿಕ್ಕಿದರು. "ನಮ್ಮಪ್ಪ ಇಲ್ಲೇ ದುಡಿದರು, ನಾನೂ ಇಲ್ಲೇ ದುಡಿದೆ ಸ್ವಾಮಿ. ಮಗ ಬೇರೆ ಊರು ಹಿಡಿದ. ಆದರೂ ಸಂಜೆಗೊಮ್ಮೆ ಗೇಟಿನ ತನಕ ಬಂದು ಹೋಗದಿದ್ದರೆ ಊಟ ಸೇರೋದಿಲ್ಲ" ಎಂದರು. ಮೊಮ್ಮಗ ಅಚ್ಚರಿಯಿಂದ, "ಅಜ್ಜ, ಇಷ್ಟು ದೊಡ್ಡ ಕಾರ್ಖಾನೆಯನ್ನೂ ಮುಚ್ಚುತ್ತಾರಾ?" ಎಂದು ಕೇಳಿದ. ನಮ್ಮ ಮಗ ಲೋಟವನ್ನು ಕೆಳಗಿಟ್ಟು ರಸ್ತೆಯ ಕಡೆಗೆ ಮುಖ ತಿರುಗಿಸಿದ. ಅವನ ಮೌನವನ್ನು ನಾವೂ ಸೊಸೆಯೂ ಗಮನಿಸಿದೆವು.

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಕಾಲದ, 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಕಡೆದ ಕಂಬಗಳ ಸಾಲನ್ನೂ ಮಂಟಪದ ಒಳಛತ್ತುಗಳ ಕುಸುರಿಯನ್ನೂ ನೋಡಲು ಒಂದು ಹಗಲು ಸಾಲದು. ಇಲ್ಲಿ ಕೆಲಸ ಮಾಡಿದವರಲ್ಲಿ ಮಲ್ಲಿತಮ್ಮನೆಂಬ ರೂವಾರಿಯೊಬ್ಬ. ಅವನ ವೃತ್ತಿಜೀವನ ಇಲ್ಲಿಯೇ ಆರಂಭವಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಅವನ ಹೆಸರು ಮುಂದೆ ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿಯೂ ಕಾಣುತ್ತದೆ. ದೇವಾಲಯವೊಂದು ಪೂರ್ಣವಾದ ದಿನ ಅದನ್ನು ಕಟ್ಟಿದ ಶಿಲ್ಪಿಗೆ ಅಲ್ಲಿ ಕೆಲಸವಿಲ್ಲ. ಉಳಿ ಸುತ್ತಿಗೆಗಳನ್ನು ಚೀಲಕ್ಕೆ ಹಾಕಿಕೊಂಡು, ಹೆಂಡತಿ ಮಕ್ಕಳೊಡನೆ ಇನ್ನೊಂದು ಊರಿಗೆ ಹೊರಡಬೇಕು. ಕೈಯ ಕಸುಬು ಅವನೊಡನೆ ನಡೆದು ಬರುತ್ತದೆ ಎಂಬುದೊಂದೇ ಧೈರ್ಯ. ಇದನ್ನು ನಾವು ಮೊಮ್ಮಕ್ಕಳಿಗೆ ವಿವರಿಸುತ್ತಿದ್ದಾಗ ಮಗನೂ ನಿಂತು ಕೇಳಿದ.

ಲಿಂಗದಹಳ್ಳಿಯನ್ನು ದಾಟಿದರೆ ಬೆಟ್ಟದ ದಾರಿ. ಕಲ್ಲತ್ತಿಗಿರಿಯಲ್ಲಿ ಬಂಡೆಗಳ ನಡುವೆ ವೀರಭದ್ರನ ಗುಡಿ. ಅದರ ಮಗ್ಗುಲಲ್ಲೇ ಧುಮುಕುವ ನೀರು. ನಾವು ಇಲ್ಲಿಗೆ ಮೊದಲು ಬಂದದ್ದು 1994ರಲ್ಲಿ, ಸಾರಿಗೆ ಬಸ್ಸಿನಲ್ಲಿ. ಆಗ ಅನುದಾನವಿಲ್ಲದ ಶಾಲೆಯೊಂದರಲ್ಲಿ ಕನ್ನಡ ಪಂಡಿತರಾಗಿದ್ದ ನಮಗೆ ಸಂಬಳ ಆರು ತಿಂಗಳಿಗೊಮ್ಮೆ ಬಂದರೆ ಪುಣ್ಯ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ನಮಗೆ ಕೊರತೆಯ ಭಯವಿರಲಿಲ್ಲ; ಮಕ್ಕಳ ಮುಖ ನೋಡಿದಾಗ ಮಾತ್ರ ಅಳುಕಾಗುತ್ತಿತ್ತು. ಹೊರಡುವ ಮುನ್ನ ನಮ್ಮ ಮನೆಯವರು ಮಕ್ಕಳನ್ನು ಕೂರಿಸಿಕೊಂಡು, "ಅಪ್ಪಾಜಿಯ ಸಂಬಳ ಬಂದಿಲ್ಲ. ಬಸ್ಸಿನ ಚಾರ್ಜಿಗೆ ದುಡ್ಡಿದೆ, ಹೋಟೆಲಿಗೆ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗೋಣ" ಎಂದು ಇದ್ದುದನ್ನು ಇದ್ದಂತೆ ಹೇಳಿದ್ದರು. ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಈ ನೀರಿನ ಬದಿಯಲ್ಲಿ ಖಾಲಿಯಾದವು.

ಅದೇ ಸ್ಥಳದಲ್ಲಿ ಈ ಬಾರಿಯೂ ಬುತ್ತಿ ಬಿಚ್ಚಿದೆವು. ಊಟದ ನಡುವೆ ಮಗ ತಾನಾಗಿಯೇ ಮಾತು ತೆಗೆದ. "ಅವ್ವ ಅವತ್ತು ನಮಗೆ ಹೇಳಿದ್ದಳು. ನಾನೂ ಇವರಿಗೆ ಹೇಳಿಬಿಡುತ್ತೇನೆ" ಎಂದು ನಮ್ಮ ಕಡೆಗೆ ನೋಡಿ, ಮಕ್ಕಳಿಗೆ ಎಲ್ಲವನ್ನೂ ಸರಳವಾಗಿ ತಿಳಿಸಿದ. ಕೆಲಸ ಉಳಿಯಬಹುದು, ಹೋಗಲೂಬಹುದು. ಹೋದರೆ ಬೇರೆಯದನ್ನು ಹುಡುಕಲು ಕೆಲವು ತಿಂಗಳು ಬೇಕಾದೀತು. ಮನೆಯ ಸಾಲದ ಕಂತು ಇದೆ. ಐದನೆಯ ತರಗತಿಯ ಮೊಮ್ಮಗಳು, "ನನ್ನ ಸ್ಕೂಲು ಬದಲಾಗುತ್ತಾ?" ಎಂದು ಕೇಳಿದಳು. "ಈ ವರ್ಷ ಇಲ್ಲ, ಆಮೇಲಿನದು ಗೊತ್ತಿಲ್ಲ" ಎಂದ ಮಗ. ಹುಡುಗ ಏನನ್ನೂ ಕೇಳಲಿಲ್ಲ. ಎದ್ದು ಹೋಗಿ ಬುತ್ತಿಯ ಡಬ್ಬಿಗಳನ್ನು ತೊಳೆದು ತಂದ. ಮನೆಯಲ್ಲಿ ಅವನು ತಟ್ಟೆಯನ್ನೂ ಎತ್ತುವವನಲ್ಲವೆಂದು ಸೊಸೆ ಆಮೇಲೆ ಹೇಳಿದಳು.

ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿದ್ದ ಈ ಸ್ಥಳವನ್ನು ಈಗ ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ. ಹೂದೋಟವನ್ನು ನೋಡಿ ಮರಳುವವರು ಹೆಸರಿನ ಅರ್ಥವನ್ನು ಮರೆಯುತ್ತಾರೆ. ಕೆಂಪು ಮಣ್ಣಿನ ಗುಂಡಿಯೆಂಬ ಹೆಸರಿನ ಈ ಬೆಟ್ಟದ ಅದಿರೇ ಹಿಂದೆ ತೂಗುತೊಟ್ಟಿಲುಗಳಲ್ಲಿ ತಂತಿಯ ಮೇಲೆ ಕೆಳಗಿಳಿದು ಭದ್ರಾವತಿಯ ಕುಲುಮೆಯನ್ನು ಸೇರುತ್ತಿತ್ತು. ಗಣಿಯ ಸದ್ದು ಅಡಗಿದೆ. ಮಂಜು ಮುಸುಕಿದ ಹುಲ್ಲುಗಾವಲು ಉಳಿದಿದೆ. ಕೆಳಗಿನ ಊರಿನ ಅನ್ನಕ್ಕೆ ಅದಿರು ಕೊಟ್ಟ ಬೆಟ್ಟಕ್ಕೆ ಈಗ ಕೆಳಗಿನವರು ವಿಶ್ರಾಂತಿಗೆ ಹತ್ತಿ ಬರುತ್ತಾರೆ.

ಮರುದಿನ ಬೆಳಿಗ್ಗೆ ಝಡ್ ಪಾಯಿಂಟಿನ ಕಾಲುದಾರಿಯಲ್ಲಿ ನಡೆದೆವು. ಹಿಂದಿನ ದಿನದವರೆಗೆ ಎಲ್ಲರಿಗಿಂತ ಮುಂದೆ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಹೋಗುತ್ತಿದ್ದ ಮೊಮ್ಮಗ ಅಂದು ತಂದೆಯ ಪಕ್ಕದಲ್ಲಿ ನಡೆದ. "ಕಂತು ತಿಂಗಳಿಗೆ ಎಷ್ಟು ಅಪ್ಪ?" ಎಂದು ಕೇಳಿದ್ದು ನಮ್ಮ ಕಿವಿಗೆ ಬಿತ್ತು. ಮಗ ಲೆಕ್ಕ ಹೇಳಿದ. ಇಬ್ಬರ ಹೆಗಲೂ ಈಗ ಸಮಸಮವಾಗಿರುವುದನ್ನು ಹಿಂದಿನಿಂದ ಬರುತ್ತಿದ್ದ ನಾವು ಮೊದಲ ಬಾರಿಗೆ ಕಂಡೆವು. ಎರಡು ಹಂತಗಳಲ್ಲಿ 168 ಮೀಟರ್ ಧುಮುಕುವ ಹೆಬ್ಬೆ ಜಲಪಾತಕ್ಕೆ ಜೀಪಿನ ಬಾಡಿಗೆ ಹೆಚ್ಚೆಂದು ಹೋಗಲಿಲ್ಲ. ಹಾಗೆ ತೀರ್ಮಾನಿಸಿದವರು ಮಕ್ಕಳೇ.

ಹೋಗಬಯಸುವ ಕುಟುಂಬಗಳಿಗೆ ಒಂದೆರಡು ಮಾತು. ಮಳೆಗಾಲ ಕಳೆದ ಮೇಲಿನ ತಿಂಗಳುಗಳು ಹಿತಕರ. ತೋಟಗಾರಿಕೆ ಇಲಾಖೆಯ ವಸತಿಗೃಹಗಳಿವೆ. ಮುಂಚಿತವಾಗಿ ಕೊಠಡಿ ಕಾದಿರಿಸಬೇಕು. ಬೆಚ್ಚನೆಯ ಉಡುಪು ಅಗತ್ಯ. ನೇರವಾಗಿ ಬೆಟ್ಟಕ್ಕೆ ಹೋಗದೆ ಭದ್ರಾವತಿ, ಅಮೃತಾಪುರಗಳನ್ನು ಮಕ್ಕಳಿಗೆ ತೋರಿಸಿಯೇ ಮೇಲೆ ಹತ್ತಿರಿ.

ಮನೆಯ ಕಷ್ಟವನ್ನು ಮಕ್ಕಳಿಂದ ಮರೆಮಾಡುವುದು ವಾತ್ಸಲ್ಯವೆಂದು ಅನೇಕ ತಂದೆತಾಯಿಗಳು ಭಾವಿಸುತ್ತಾರೆ. ಆದರೆ ಮರೆಮಾಡಿದ ಕಷ್ಟ ಮಕ್ಕಳಿಗೆ ಕಾರಣವಿಲ್ಲದ ಸಿಡುಕಾಗಿ, ಅರ್ಥವಾಗದ ಮೌನವಾಗಿ ತಲುಪುತ್ತದೆ. ವಯಸ್ಸಿಗೆ ತಕ್ಕಷ್ಟು ತಿಳಿಸಿದರೆ ಅವರು ಹೊರೆಯಲ್ಲಿ ತಮ್ಮ ಕೈಲಾದಷ್ಟನ್ನು ಹೊರುತ್ತಾರೆ. ಮನೆ ತಮ್ಮದೂ ಹೌದೆಂದು ಅರಿಯುತ್ತಾರೆ. ಅದನ್ನು ಹೇಳಲು ಅವಸರವಿಲ್ಲದ ಹೊತ್ತು ಬೇಕು. ಅಂತಹ ಹೊತ್ತನ್ನು ಬುತ್ತಿ ಕಟ್ಟಿಕೊಂಡು ಹೋಗುವ ಸಣ್ಣ ಪ್ರವಾಸವೂ ಒದಗಿಸಬಲ್ಲದು.

ಇದನ್ನು ಬರೆಯುವ ಹೊತ್ತಿಗೂ ಮಗನ ಕಚೇರಿಯ ತೀರ್ಮಾನ ತಿಳಿದುಬಂದಿಲ್ಲ. ಅವನು ರಾತ್ರಿ ಹೊತ್ತು ಹೊಸ ವಿದ್ಯೆಯೊಂದನ್ನು ಕಲಿಯುತ್ತಿದ್ದಾನೆ. ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಮೊಮ್ಮಗನೂ ಓದಲು ಕೂರುತ್ತಾನಂತೆ.